ನಲವತ್ತೆರಡು ಚೀಲಗಳ ಹಾಸಿಗೆ

ನೊಣ, ಪಟ್ಟೆಬಟ್ಟೆಯ ಮೇಲೆ ಒಂದೇ ಒಂದು ನೊಣ, ನೀಲಿ ಪಟ್ಟೆಯಿಂದ ಬಿಳಿಗೆ, ಬಿಳಿಯಿಂದ ನೀಲಿಗೆ, ಹಾಸಿಗೆಯ ನಡುವಿನ ತಗ್ಗಿನ ಅಂಚಿಗೆ ಬಂದದ್ದು ಅಲ್ಲೇ ನಿಂತಿತು, ಇಳಿಯಲಿಲ್ಲ, ಬಳಸಿಕೊಂಡು ಹೋಯಿತು — ತಗ್ಗು ಎಲ್ಲಿಂದ ಬಂತು, ಇನ್ನೂ ಯಾರೂ ಮಲಗಿಲ್ಲವಲ್ಲ, ಬೆಳಿಗ್ಗೆ ಕೈಯಾರೆ ತಟ್ಟಿ ಸಮ ಮಾಡಿದ್ದೇನಲ್ಲ, ಅಂದುಕೊಂಡಳು ಸಿಡ್ಸೆಲ್, ಅಂದುಕೊಂಡು ಬೇಕೆಂದೇ ಬೇರೆ ಕಡೆ ನೋಡಿದಳು, ಕಿಟಕಿಯಾಚೆ ಕಟ್ಟೆಗಾಟ್ ಕಡಲು ಬೂದಿಬಣ್ಣಕ್ಕಿದೆ, ಸಭಾಮನೆಯ ತುಂಬ ಕಾಫಿ ವಾಸನೆ, ಒದ್ದೆ ಉಣ್ಣೆಯ ವಾಸನೆ, ದ್ವೀಪದ ಅರ್ಧ ಜನ ಭಾನುವಾರದ ಕರಿ ಕೋಟು ಹಾಕಿಕೊಂಡು ಬಂದು ಕೂತಿದ್ದಾರೆ, ಎಲ್ಲರ ಕಣ್ಣೂ ಎರಡು ಬೆಂಚು ಜೋಡಿಸಿ ಇಟ್ಟ ಅವಳ ಹಾಸಿಗೆಯ ಮೇಲೆ. ಏನೇ ಸಿಡ್ಸೆಲ್, ಇದು ಹಾಸಿಗೆಯೋ ಹಸುವಿನ ಕೆಚ್ಚಲೋ, ಎಂದ ಗ್ರೆಗರ್ಸ್, ಊರ ಸಮಿತಿಯ ಯಜಮಾನ, ಒಂದು ಕಾಲದ ಹಡಗಿನ ಕಪ್ತಾನ, ಜನ ಗೊಳ್ಳೆಂದು ನಕ್ಕರು, ನಗಲಿ ಬಿಡು, ನಕ್ಕರೆ ಗಂಟೇನು ಹೋಗುತ್ತದೆ. ಹಾಸಿಗೆ ಅಂದ್ರೆ ಬಿದ್ಕೊಂಡಿರ್ಬೇಕು ಕಣಮ್ಮ, ಮಲಗಿದೋರ ಕೆಳಗೆ ಅದೇ ಎದ್ದು ಓಡಾಡೋದಾ, ಥೂ, ನನಗಂತೂ ಬೇಡಪ್ಪ, ಎಂದಳು ದಿಕ್ಕಿಲ್ಲದವರಿಗೆಂದು ಊರು ನಡೆಸುವ ಬಡವರ ಮನೆಯನ್ನು ನೋಡಿಕೊಳ್ಳುವ ಟೀರಾ, ಕೇಕಿನ ಚೂರನ್ನು ಕಾಫಿಯಲ್ಲಿ ಅದ್ದುತ್ತ. ಓಡಾಡಲೇಬೇಕು ಟೀರಾ, ಅದಕ್ಕೇ ಅಲ್ಲವಾ ಇಷ್ಟೆಲ್ಲ ಮಾಡಿದ್ದು, ನಲವತ್ತೆರಡು ಪುಟ್ಟ ಚೀಲ, ಅಡಿಯಲ್ಲಿ ಒಂದಕ್ಕೊಂದು ದಾರದ ಗಂಟು, ಒಂದು ತಗ್ಗಿದರೆ ಪಕ್ಕದ್ದು ಏಳಬೇಕು, ಮೈಭಾರ ಒಂದೇ ಕಡೆ ನಿಲ್ಲಬಾರದು, ನಿಂತರೆ ಚರ್ಮ ಕೊಳೆಯುತ್ತದೆ, ಕೊಳೆತದ್ದನ್ನು ನೀವು ಯಾರಾದರೂ ನೋಡಿದ್ದೀರಾ. ಇಷ್ಟನ್ನೂ ಜೋರಾಗಿ ಹೇಳಬೇಕೆಂದಿದ್ದಳು, ಬಾಯಿಂದ ಬಂದದ್ದು ಮಾತ್ರ, ಒಂದು ಗಳಿಗೆ ಮಲಗಿ ನೋಡಿ ಯಜಮಾನ್ರೇ, ಅಂತ.

ಅವಳು ನೋಡಿದ್ದಾಳೆ, ದಿನಾ ನೋಡುತ್ತಾಳೆ. ತಂಗಿ ಬೊಲೆಟ್‌ಳ ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು, ಒಳಗೆ ಬೆಳ್ಳಗೆ ಕಾಣುವುದು ಮೂಳೆ, ಮೂರು ವರ್ಷದ ಹಿಂದೆ ಮನೆಯ ಮಾಡಿಗೆ ಕಡಲಹುಲ್ಲು ಹೊದಿಸುವಾಗ ಜಾರಿ ಬಿದ್ದವಳು — ಗಂಡಸರು ಕಡಲ ಮೇಲೆ, ಮಾಡು ಹೊದಿಸುವುದು ಹೆಂಗಸರೇ — ಬಿದ್ದವಳ ಕಾಲೆರಡೂ ಸತ್ತುಹೋದವು, ಅಂದಿನಿಂದ ಬಡವರ ಮನೆಯ ಮಂಚವೇ ಗತಿ. ಚಳಿಗಾಲ ಕಳೆಯೋದು ಅನುಮಾನ ಅಂದರು ಡಾಕ್ಟರು. ಅಲ್ಲಿಗೆ ಹೊಸದೊಂದು ಗುಂಡುಸೂಜಿ ಹೋಗಬೇಕಾದರೂ ಸಮಿತಿ ಒಪ್ಪಬೇಕು, ಒಪ್ಪಿಸಬೇಕು, ಇವತ್ತೇ ಒಪ್ಪಿಸಬೇಕು, ಆದರೆ ಕೇಳಿಬಿಟ್ಟರೆ, ಒಳಗೆ ತುಂಬಿದ್ದು ಎಲ್ಲಿಯದು ಅಂತ ಒಬ್ಬರಾದರೂ ಕೇಳಿಬಿಟ್ಟರೆ. ಎರಡು ಚಳಿಗಾಲ ಹೊಸ ಹುಲ್ಲು ತುಂಬಿ ನೋಡಿದ್ದಳು, ಮಳೆನೀರಲ್ಲಿ ತೊಳೆದು, ಒಣಗಿಸಿ, ಬಡಿದು, ಉಹೂಂ, ಹೊಸ ಹುಲ್ಲಿಗೆ ಸೊಕ್ಕು, ಮೈ ಕೊಟ್ಟರೆ ಮೈಯನ್ನೇ ನೂಕುತ್ತದೆ, ಚೀಲಗಳು ಕಲ್ಲಿನ ಹಾಗೆ ಕೂತವು. ಆಮೇಲೆ ಅಮ್ಮ ತೀರಿಹೋದಳು. ಅವಳ ಹಾಸಿಗೆಯಲ್ಲಿ ಒಂಬತ್ತು ವರ್ಷ ಒಂದೇ ಮೈಯ ಕೆಳಗೆ ಬಿದ್ದ ಹುಲ್ಲು, ಮುಟ್ಟಿದರೆ ಉಣ್ಣೆ, ತಗ್ಗುವುದೂ ಗೊತ್ತು ಏಳುವುದೂ ಗೊತ್ತು. ಸತ್ತವರ ಹಾಸಿಗೆಯ ಹುಲ್ಲನ್ನು ಮೂರನೆಯ ದಿನ ದಡದಲ್ಲಿ ಸುಡಬೇಕು, ಹೊಗೆ ಯಾರ ಮನೆಯ ಕಡೆ ತಿರುಗುತ್ತದೋ, ಸತ್ತವರು ಮುಂದೆ ಯಾರನ್ನು ತಮ್ಮ ಜೊತೆ ಕರೆಯುತ್ತಾರೋ ಅಂತ ಊರೆಲ್ಲ ಉಸಿರು ಬಿಗಿಹಿಡಿದು ನೋಡಬೇಕು, ಅವಳೂ ಸುಟ್ಟಳು, ಎಲ್ಲರೆದುರೇ ಸುಟ್ಟಳು, ಹೊಸ ಹುಲ್ಲನ್ನು. ಹೊಗೆ ಯಾರ ಕಡೆಗೂ ತಿರುಗದೆ ನೆಟ್ಟಗೆ ಮೇಲಕ್ಕೆ ಹೋಯಿತು. ಪುಣ್ಯಾತ್‌ಗಿತ್ತಿ ನಿಮ್ಮಮ್ಮ, ಯಾರನ್ನೂ ಕರೀಲಿಲ್ಲ ನೋಡು, ಎಂದಿದ್ದ ಇದೇ ಗ್ರೆಗರ್ಸ್, ಟೋಪಿ ತೆಗೆದು. ಹೇಗೆ ಕರೆದಾಳು, ಹೊಗೆಯಲ್ಲಿ ಅವಳಿದ್ದರೆ ತಾನೆ. ಅಮ್ಮ ಅಟ್ಟದ ಮೇಲೆ ಮೂಟೆಯಲ್ಲಿದ್ದಳು, ಛೆ, ಅಮ್ಮ ಅಲ್ಲ, ಹುಲ್ಲು, ಹುಲ್ಲು ಅಷ್ಟೇ, ಅದನ್ನು ತುಂಬಿದ ಸಂಜೆಯೇ ಚೀಲಗಳು ಮೊದಲ ಸಲ ಅಲುಗಿದವು.

ಗ್ರೆಗರ್ಸ್ ಬೂಟು ಬಿಚ್ಚುತ್ತಿದ್ದಾನೆ. ಸತ್ತರೆ ನನ್ನ ನಾಯಿಗೆ ಅನ್ನ ಹಾಕ್ರಪ್ಪ ಎನ್ನುತ್ತಾನೆ, ಮತ್ತೆ ನಗು, ಬೆಂಚು ಕಿರ್ರೆಂದಿತು, ಆ ಭಾರೀ ಮೈ ಮಲಗಿತು, ಚೀಲಗಳು ಒಂದರ ಹಿಂದೊಂದು, ನಿಧಾನ, ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ. ನಗು ನಿಂತಿತು. ಅರೆ, ಎಂದ ಅವನು. ಇದು ಬೆಚ್ಚಗಿದೆಯಲ್ಲೇ, ಯಾರು ಮಲಗಿ ಎದ್ದಿದ್ರು ಇಲ್ಲಿ. ಯಾರೂ ಇಲ್ಲ ಯಜಮಾನ್ರೇ. ಇಲ್ಲ ಕಣೇ, ಯಾರೋ ಬೆನ್ನಿಗೆ ಕೈ ಕೊಟ್ಟ ಹಾಗಿದೆ, ಎನ್ನುತ್ತ ಕಣ್ಣು ಮುಚ್ಚಿದ, ಕಾಫಿ ಆರಿತು, ಟೀರಾ ಎರಡು ಸಲ ಕೆಮ್ಮಿದಳು, ಅವನು ಏಳಲಿಲ್ಲ, ಎದ್ದಾಗ ಕಣ್ಣಲ್ಲಿ ನೀರು. ನಲವತ್ತು ವರ್ಷ ಹಡಗಲ್ಲಿ ಮಲಗಿದೀನಿ, ಇಂಥ ನಿದ್ದೆ ಕಂಡಿಲ್ಲ, ಒಪ್ಪಿದೆ, ಇದು ಈಗಲೇ ಬೊಲೆಟ್‌ಗೆ ಹೋಗ್ಲಿ, ಇನ್ನೂ ಆರು ಮಾಡ್ಕೊಡು ಸಿಡ್ಸೆಲ್. ಚಪ್ಪಾಳೆ. ಆರು. ಆರಕ್ಕೆ ಹುಲ್ಲು ಎಲ್ಲಿಂದ, ಎಂದುಕೊಳ್ಳುವಷ್ಟರಲ್ಲಿ ಕಣ್ಣು ತಾನಾಗಿ ಮುಂದಿನ ಸಾಲಿನ ಮುದುಕಿಯರ ಮೇಲೆ ಹರಿದಿತ್ತು, ಒಬ್ಬೊಬ್ಬರ ಮೇಲೆ, ಎಷ್ಟು ವರ್ಷ ಮಲಗಿದ ಹಾಸಿಗೆಯೋ — ನಾಚಿಕೆಯಿಂದ ಅವಳ ಕಿವಿ ಸುಟ್ಟಿತು. ಹೇಳಿಬಿಡು, ಈಗಲೇ ಹೇಳಿಬಿಡು. ಹೇಳಿದರೆ ಸುಡುತ್ತಾರೆ, ಸುಟ್ಟರೆ ಬೊಲೆಟ್ ಇಲ್ಲ. ಗ್ರೆಗರ್ಸ್ ಎದ್ದ ಜಾಗದಲ್ಲಿ ಅವನ ಗುರುತೇ ಇಲ್ಲ, ಅದೇ ತಗ್ಗು, ಕಿರಿದು, ಎಡ ಮಗ್ಗುಲಿಗೆ, ಮೊಣಕಾಲು ಮಡಿಸಿದ ಹಾಗೆ, ಅಮ್ಮ ಸಾಯುವಾಗ ಇದ್ದ ಹಾಗೆ. ಅವಳು ಬೇಗ ಬೇಗ ಅದರ ಮೇಲೆ ಹೊದಿಕೆ ಎಳೆದಳು.

ಬೆಳಿಗ್ಗೆ ತಾನೂ ಟೀರಾಳೂ ಇಬ್ಬರೇ ತಂದ ಹಾಸಿಗೆಯನ್ನು ಈಗ ನಾಲ್ಕು ಜನ ಹೊತ್ತರು. ಏನ್ ತುಂಬಿದೀಯೇ ಇದಕ್ಕೆ, ಎಂದ ಒಬ್ಬ. ಕಡಲಹುಲ್ಲು ಎಂದಳು, ಸುಳ್ಳಲ್ಲ. ರಸ್ತೆ ದಾಟಿದರೆ ಬಡವರ ಮನೆ, ಗೋಡೆ ಪಕ್ಕದ ಮಂಚ, ಟೀರಾ ಭುಜ ಹಿಡಿದಳು, ಇವಳು ಸೊಂಟ ಹಿಡಿದಳು, ಎಷ್ಟು ಹಗುರ ಬೊಲೆಟ್, ಹಕ್ಕಿಮರಿ, ಮಲಗಿಸಿದರು, ಚೀಲಗಳು ಎದ್ದವು, ಇಳಿದವು, ಅಬ್ಬ, ಸಿಡ್ಸೆಲ್, ನೋವೇ ಇಲ್ಲ ಕಣೇ, ಮೂರು ವರ್ಷದಲ್ಲಿ ಇದೇ ಮೊದಲು, ನೋವೇ ಇಲ್ಲ, ಎಂದು ತಂಗಿ ಅತ್ತಳು, ಸಿಡ್ಸೆಲ್ ಕೂಡ ಅತ್ತಳು, ಸಾಕು, ಇಷ್ಟೇ ತಾನೆ ಕೇಳಿದ್ದು. ಟೀರಾ ಹೋದಳು. ಬಾಗಿಲು ಮುಚ್ಚಿತು. ಬೊಲೆಟ್‌ಗೆ ನಿದ್ದೆ. ಆಗ ನೋಡಿದಳು, ತಗ್ಗು ನಡುವಿನಲ್ಲಿ ಇಲ್ಲ, ಗೋಡೆಯ ಕಡೆಗೆ ಸರಿದಿದೆ, ಚಿಕ್ಕವರಿದ್ದಾಗ ಚಳಿ ಅಂತ ಹೋದರೆ ಅಮ್ಮ ಹೀಗೇ ಗೋಡೆಗೆ ಒತ್ತಿ ಜಾಗ ಬಿಡುತ್ತಿದ್ದಳು, ಬಾ ಮಗು ಬಾ. ಬೇಡಮ್ಮ, ಅವಳನ್ನು ಕರೀಬೇಡ, ಅವಳಿಗೆ ಹುಣ್ಣು ಮಾಯಲಿ ಅಂತ ತಂದದ್ದು, ನಿನ್ನ ಜೊತೆ ಕಳಿಸೋಕ್ಕಲ್ಲ. ನಿದ್ದೆಯಲ್ಲಿ ಬೊಲೆಟ್ ಗೋಡೆಯ ಕಡೆ ಹೊರಳಿದಳು, ತಾನಾಗಿ, ಮೂರು ವರ್ಷದಿಂದ ಹೊರಳದವಳು, ತೋಳು ಚಾಚಿ ಆ ತಗ್ಗಿನ ಮೇಲೆ ಹಾಕಿದಳು. ತೋಳು ತಗ್ಗಿಗೆ ಇಳಿಯಲಿಲ್ಲ. ಹಾಸಿಗೆಯಿಂದ ಒಂದು ಗೇಣು ಮೇಲೆ, ಏನೂ ಇಲ್ಲದ ಕಡೆ, ಒಬ್ಬರ ಸೊಂಟವನ್ನು ಬಳಸಿದ ಹಾಗೆ ನಿಂತಿತು, ನಿಂತು ಮೆಲ್ಲಗೆ ಏಳುತ್ತಿದೆ, ಇಳಿಯುತ್ತಿದೆ, ಕೆಳಗೆ ಯಾರೋ ಉಸಿರಾಡುತ್ತಿರುವಂತೆ, ತೋಳು ಏಳುತ್ತಿದೆ, ಇಳಿಯುತ್ತಿದೆ, ತೋಳು.