ಮೂರು ದನಿಯ ಯಂತ್ರ

ಮಮತಾ ಕಂಪ್ಯೂಟರಿಗೆ ಮೊದಲ ಹಾಡು ಕಲಿಸಿದ್ದು ಪಿಯುಸಿ ಓದುವಾಗ. ಮಾವ ಮುಂಬೈಯಿಂದ ತಂದುಕೊಟ್ಟ ಹಳೆಯ ಯಂತ್ರ ಅದು. ಟೀವಿಗೆ ಸಿಕ್ಕಿಸಿದರೆ ಚಿತ್ರ, ಕ್ಯಾಸೆಟ್ ಹಾಕಿದರೆ ಆಟ. ದನಿ ಮಾತ್ರ ಒಂದೇ ಒಂದು, ಅದೂ ಕೀಂ ಎಂದು. ಬಾಳೆಗೊನೆ ಕದಿಯುವ ಮಂಗನ ಆಟವೊಂದನ್ನು ತಾನೇ ಬರೆದು, ಅಪ್ಪ ಹೇಳುವ ಭಜನೆಯ ಧಾಟಿಯನ್ನು ಅದಕ್ಕೆ ಕೂಡಿಸಿದಳು. ಒಂದು ಸ್ವರ ನುಡಿಯುವಷ್ಟು ಹೊತ್ತು ಆ ಬಡಪಾಯಿ ಯಂತ್ರಕ್ಕೆ ಬೇರೇನೂ ಮಾಡಲಾಗದು. ಸಾಲದ್ದಕ್ಕೆ ಇವಳು, ಶ್ರುತಿ ಬಿಡಬಾರದೆಂದು, ಪ್ರತಿ ಸ್ವರದ ಪಕ್ಕ ಒಂದೊಂದು ಷಡ್ಜ ತುರುಕಿದ್ದಳು. ಭಜನೆ ಮನೆಯಲ್ಲಿ ಬೆಳೆದವರು ಮಾತ್ರ ಮಾಡುವ ತಪ್ಪು! ಮಂಗ ಹಾರುವುದು ಬಿಟ್ಟು ನಿಂತೇ ಬಿಟ್ಟಿತು.

"ಎಂತದೇ ಇದು? ಶ್ರುತಿ ತುಂಡಾದ್ಮೇಲೆ ಅದು ಪದ ಅಲ್ಲ, ಜೀರುಂಡೆ ಸದ್ದು," ಎಂದು ಅಪ್ಪ ಜಟ್ಟಪ್ಪ ಎದ್ದು ಹೋದರು. ಬಿಳಗಿಯ ಭಜನಾ ಮಂಡಳಿಗೆ ಅವರೇ ಹಿರಿಯರು; ಶ್ರುತಿ ಹಿಡಿಯದೆ ಬಾಯಿ ತೆರೆದವರಲ್ಲ. ಆ ಮಾತು ಮೂವತ್ತೈದು ವರ್ಷ ಅವಳನ್ನು ಚುಚ್ಚುತ್ತಲೇ ಇತ್ತು.

ಈಗ ಸಿದ್ದಾಪುರದಲ್ಲಿ ಅವಳದ್ದೇ ಕಂಪ್ಯೂಟರ್ ತರಗತಿ ಇದೆ. ಕಳೆದ ತಿಂಗಳು ಹಳೇ ಸಾಮಾನಿನ ವ್ಯಾಪಾರಿಯೊಬ್ಬನ ಹತ್ತಿರ ಅದೇ ಯಂತ್ರದ ತಮ್ಮ ಸಿಕ್ಕಿತು, ನಾಲ್ಕು ವರ್ಷ ತಡವಾಗಿ ಹುಟ್ಟಿದ್ದು. ಅದರಲ್ಲಿ ಸದ್ದಿಗೆಂದೇ ಬೇರೆ ಚಿಪ್: ಒಟ್ಟಿಗೆ ಮೂರು ದನಿ, ಮೇಲೊಂದು ಬುಸ್ ಎನ್ನುವ ಸದ್ದು. ಆಟ ನಿಲ್ಲುವ ಮಾತೇ ಇಲ್ಲ. ಮಂಗನ ಆಟವನ್ನೇ ಮತ್ತೆ ಬರೆದು ಹಾಡು ಕೂಡಿಸಿದಳು: ಒಂದು ದನಿಗೆ ಅದೇ ಭಜನೆಯ ಧಾಟಿ, ಒಂದಕ್ಕೆ ಕಡಿಯದ ಷಡ್ಜ, ಇನ್ನೊಂದಕ್ಕೆ ಪಂಚಮ. ಬುಸ್ ಸದ್ದನ್ನು ತುಂಡರಿಸಿ ತಾಳ ಮಾಡಿದಳು.

"ಫೋನಲ್ಲಾದ್ರೆ ಎರಡು ನಿಮಿಷದ ಕೆಲ್ಸ ಅಮ್ಮಾ," ಎಂದಳು ಮಗಳು ಭೂಮಿಕಾ.

"ನಿಂಗೆ ಗೊತ್ತಾಗೂದಿಲ್ಲ, ಸುಮ್ನಿರು."

ಭಾನುವಾರ ಯಂತ್ರವನ್ನು ಬಿಳಗಿಗೆ ಒಯ್ದಳು. ಟೀವಿಗೆ ಸಿಕ್ಕಿಸುವಾಗ ಐವತ್ತು ದಾಟಿದ ಹೆಂಗಸು ಪರೀಕ್ಷೆಗೆ ಕೂತ ಹುಡುಗಿಯಂತೆ ವೈರನ್ನು ಎರಡೆರಡು ಸಲ ತಿರುಗಿ ನೋಡಿದಳು. ಮಂಗ ಹಾರಿತು. ಹಾಡೂ ಹೊರಟಿತು. ಎಂಬತ್ತೆರಡರ ಜಟ್ಟಪ್ಪ ಪರದೆ ನೋಡಲಿಲ್ಲ, ಕಣ್ಣು ಮುಚ್ಚಿ ಕೂತರು. ಪಲ್ಲವಿ ಮುಗಿಯಿತು. ಮೊದಲ ನುಡಿಯೂ ಮುಗಿಯಿತು.

"ನಿಲ್ಸು," ಎಂದರು.

ಮಮತಾಳಿಗೆ ಅಳುವೇ ಬಂದಂತಾಯಿತು. ನಿಲ್ಲಿಸಿದಳು.

"ಶ್ರುತಿನ ಬಿಳಿ ನಾಲ್ಕಕ್ಕೆ ಇಟ್ಟಿದೀಯ," ಎಂದರು ಅಪ್ಪ, ಹಾರ್ಮೋನಿಯಂ ನುಡಿಸುವವರಿಗೆ ಹೇಳುವ ದನಿಯಲ್ಲೇ. "ನಂಗೀಗ ಅಷ್ಟೆತ್ತರ ಎಳೆಯಕ್ಕೆ ಆಗೂದಿಲ್ಲ. ಕಪ್ಪು ಒಂದಕ್ಕೆ ಇಳ್ಸು, ಮೊದಲಿಂದ ಹೇಳ್ವ."

ಮಣೆ ಎಳೆದು ಚಕ್ಕಳಮಕ್ಕಳ ಹಾಕಿ ಕೂತು, ಗಂಟಲು ಸರಿ ಮಾಡಿಕೊಂಡರು.