ಮೂಲೆಮನೆ

"ನೀ ಮನಿ ತಗೊಂತಿ? ಮೊದಲ ಬಾಯಿ ತೊಳ್ಕೊಂಡು ಬಾ, ಬೋಸುಡಿ."

ದೊಡ್ಡಬಸಪ್ಪ ನಗುತ್ತಲೇ ಅಂದ. ಹೊನ್ನೂರಮ್ಮ ಮೊಣಕಾಲೂರಿ ಟೈಲ್ಸಿಗೆ ಮೆತ್ತಿದ್ದ ಸಿಮೆಂಟ್ ಉಜ್ಜುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಸಾಲ ಮಂಜೂರಾಗೈತ್ರಿ ಸಾವ್ಕಾರ್ರ. ಉಳಿದವ್ರು ಕೊಡೋ ರೇಟಿಗೇ ಕೊಡ್ತೀವ್ರಿ."

"ರೇಟಿನ ಮಾತಲ್ಲಬೇ ಇದು. ನೀ ಬಂದು ಇಲ್ಲಿ ಕುಂತ್ರ ಬಾಜೂ ಮನಿ ಯಾವ ನನ್ಮಗ ತಗೊಂತಾನ? ಮಸ್ಕಿ, ಲಿಂಗಸುಗೂರಿನ ಮಂದಿ ಬಯಾನಾ ರೊಕ್ಕ ಹಿಡ್ಕೊಂಡು ಪಾಳಿ ನಿಂತಾರ. ನಿಮ್ಮ ಕೇರ್‍ಯಾಗ ಜಾಗಾ ಸತ್ತೈತೇನು?"

ಹೊರಗೆ ಸೆಂಟ್ರಿಂಗ್ ಹಲಗೆ ಇಳಿಸುತ್ತಿದ್ದ ಗಂಡ ಪಂಪಣ್ಣನಿಗೆ ಎಲ್ಲವೂ ಕೇಳಿಸಿತು. ಅವನು ತಲೆ ಎತ್ತಲಿಲ್ಲ.

ಸಿಂಧನೂರಿನ ಹೊರಗೆ, ಗೊರೇಬಾಳದ ಕಡೆ ಹೋಗುವ ರಸ್ತೆಗೆ ದೊಡ್ಡಬಸಪ್ಪ ಗದ್ದೆ ಮುಚ್ಚಿ ಲೇಔಟ್ ಮಾಡಿದ್ದ. ಸ್ಲ್ಯಾಬಿನ ನೀರು ಆರುವುದರೊಳಗೆ ಮನೆಗಳು ಮಾರಾಟವಾಗುತ್ತಿದ್ದವು. ಈ ಮೂಲೆಮನೆಯ ಬುನಾದಿಯಿಂದ ಪ್ಲಾಸ್ಟರಿನ ತನಕ ಹೊನ್ನೂರಮ್ಮ ಬುಟ್ಟಿ ಹೊತ್ತಿದ್ದಳು. ಹೊರುತ್ತ ಹೊರುತ್ತ ಮನಸ್ಸಿನಲ್ಲೇ ಇಲ್ಲಿ ಒಲೆ ಇಟ್ಟಿದ್ದಳು, ಆ ಕಿಟಕಿಯ ಕೆಳಗೆ ಮಗಳನ್ನು ಓದಲು ಕೂರಿಸಿದ್ದಳು.

ಮುಂದಿನ ವಾರ ಮೂಲೆಮನೆ ನೋಡಲು ಕಾರು ಬಂತು. ಇಳಿದವಳು ಮಮತಾ. ಹೊನ್ನೂರಮ್ಮನ ಚಿಕ್ಕವ್ವನ ಮಗಳು. ಬಳಗಾನೂರಿನ ಕೇರಿಯಲ್ಲಿ ಇಬ್ಬರೂ ಒಂದೇ ಕೌದಿಯೊಳಗೆ ಮಲಗಿ ಬೆಳೆದವರು. ಮಮತಾ ಓದಿ ಲಿಂಗಸುಗೂರಿನಲ್ಲಿ ನೌಕರಿ ಹಿಡಿದ ಮೇಲೆ ಊರಿಗೆ ಬಂದದ್ದು ಕಡಿಮೆ. ಈಗ ಅವಳ ಹಣೆಯ ಮೇಲೆ ಅಗಲಕ್ಕೆ ವಿಭೂತಿ. ದೊಡ್ಡಬಸಪ್ಪ ಅದನ್ನು ನೋಡಿ, ಚಪ್ಪಲಿ ಬಿಡುವುದು ಬೇಡವೆಂದು ತಾನೇ ಒಳಗೆ ಕರೆದ.

ಹೊನ್ನೂರಮ್ಮ ಉಜ್ಜಿ ಉಜ್ಜಿ ಹೊಳಪು ಬರಿಸಿದ ನೆಲದ ಮೇಲೆ ಮಮತಾ ಹೀಲ್ಡ್ ಚಪ್ಪಲಿ ಹಾಕಿ ನಡೆದಳು. ಗೋಡೆ ತಟ್ಟಿ ನೋಡಿದಳು. ಮೂಲೆಯಲ್ಲಿ ಕೂತವಳ ಮೇಲೆ ಕಣ್ಣು ಬಿತ್ತು. ಗೋಡೆಯ ಮೇಲಿಂದ ಜಾರಿದಂತೆ ಅವಳ ಮೇಲಿಂದಲೂ ಜಾರಿತು.

ಮನೆ ಮಮತಾಳ ಹೆಸರಿಗೆ ರಿಜಿಸ್ಟ್ರಿಯಾಯಿತು.

ಆಮೇಲೆ ಹೊನ್ನೂರಮ್ಮನಿಗೆ ಊಟ ರುಚಿಸಲಿಲ್ಲ. "ಹೋಗಲಿ ಬಿಡಬೇ, ನಮ್ಮಾಕಿಗೇ ಸಿಕ್ತಲ್ಲ," ಎಂದ ಪಂಪಣ್ಣ. "ನಮ್ಮಾಕಿಗೆ ಸಿಕ್ಕೈತಿ ಅಂತನ ನನಗ ಉರೀತೈತಿ," ಎಂದಳು.

ಗೃಹಪ್ರವೇಶದ ದಿನ ಕೂಲಿಯವರಿಗೆ ಊಟ ಹೊರಗೆ, ಮರಳಿನ ಗುಡ್ಡೆಯ ಪಕ್ಕ. ದೊಡ್ಡಬಸಪ್ಪನ ಹೆಂಡತಿ ಕಸ್ತೂರೆಮ್ಮ ಬೆಲ್ಲದ ಮಾಲ್ದಿಪುಡಿ ತಂದು, ಎಲೆಗೆ ಕೈ ತಾಗದಂತೆ ಎತ್ತರದಿಂದ ಉದುರಿಸಿದಳು. ಒಳಗೆ ಮಮತಾ ರೇಷ್ಮೆಸೀರೆ ಉಟ್ಟು ಪಂಕ್ತಿಗೆ ತುಪ್ಪ ಬಡಿಸುತ್ತಿದ್ದಳು. ಅವಳ ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲು ಹೊನ್ನೂರಮ್ಮನಿಗೆ ಕಾಣುತ್ತಿತ್ತು.

"ನೀ ಬಳಗಾನೂರಾಕಿ ಅಲ್ಲ?" ಕಸ್ತೂರೆಮ್ಮ ಕೇಳಿದಳು. "ಈ ಮಮತಾನ ಊರೂ ಅಲ್ಲೇ ಅಂತ. ಯಾರ ಪೈಕಿ ಗೊತ್ತೇನ?"

ಮಮತಾ ಬಾಗಿಲಿಗೆ ಬಂದಿದ್ದಳು. ತುಪ್ಪದ ಮಿಳ್ಳಿ ಕೈಯಲ್ಲೇ ನಿಂತಿತು. ಮೊದಲ ಸಲ ಅವಳು ಹೊನ್ನೂರಮ್ಮನನ್ನು ನೇರವಾಗಿ ನೋಡಿದಳು.

"ಗೊತ್ತಿಲ್ದ ಏನ್ರಿ?" ಎಂದಳು ಹೊನ್ನೂರಮ್ಮ. "ನಮ್ಮ ಚಿಗವ್ವನ ಮಗಳು. ನಮ್ಮ ಕೇರಿಯಾಕಿ."

ಒಳಗೆ ಉಣ್ಣುತ್ತಿದ್ದವರು ಎಲೆ ಮಡಚಿ ಎದ್ದರು. ಬಾಯಿಗಿಟ್ಟದ್ದನ್ನು ಕೆಲವರು ಅಂಗಳದಲ್ಲೇ ಉಗುಳಿದರು. ದೊಡ್ಡಬಸಪ್ಪ ಓಡಿ ಬಂದ.

"ವಿಭೂತಿ ಹಚ್ಕೊಂಡು ನನಗ ಟೋಪಿ ಹಾಕ್ತಿ ಏನಲೇ ರಂಡಿ? ಮನಿ ವಾಪಸ್ ಬರಕೊಡು!"

"ಕೊಡಂಗಿಲ್ಲ." ಮಮತಾ ಸೊಂಟದ ಕೀಲಿಗೊಂಚಲು ಹಿಡಿದುಕೊಂಡಳು. "ನನ್ನ ಹೆಸರಿಗೈತಿ. ಏನ ಹರ್ಕೊಂತಿ ಹರ್ಕೊ." ಆಮೇಲೆ ಹೊನ್ನೂರಮ್ಮನ ಕಡೆ ತಿರುಗಿದಳು. "ತಣ್ಣಗಾತೇನಬೇ ನಿನ್ನ ಹೊಟ್ಟಿ?"

ಹೊನ್ನೂರಮ್ಮ ಕೈಯಲ್ಲಿದ್ದ ಮಾಲ್ದಿಯನ್ನು ಎಲೆಗೆ ಹಾಕಿದಳು.

"ಲೇ ಪಂಪ್ಯಾ!" ದೊಡ್ಡಬಸಪ್ಪ ಕೂಗಿದ. "ಹಾರಿ ತಗೊ. ಈ ಮನಿಗೆ ಹೋಗೋ ನೀರಿನ ಪೈಪು ಕಡಿ. ಎಷ್ಟು ದಿನ ಇರ್ತಾಳ ನೋಡ್ತೀನಿ."

ಪಂಪಣ್ಣ ಹೆಂಡತಿಯನ್ನು ನೋಡಿದ, ಸಾವುಕಾರನನ್ನು ನೋಡಿದ. ಹಾರಿ ಎತ್ತಿಕೊಂಡ. ಮನೆಯ ಮುಂದೆ ಪೈಪು ಹಾಕಿದ ಕಾಲುವೆ ಇನ್ನೂ ಮಣ್ಣು ಮುಚ್ಚದೆ ತೆರೆದೇ ಇತ್ತು. ಅವನು ಅಲ್ಲಿಗೆ ಮುಟ್ಟುವ ಮೊದಲೇ ಹೊನ್ನೂರಮ್ಮ ಎಂಜಲು ಕೈಯಲ್ಲೇ ಎದ್ದು ಹೋಗಿ ಆ ಕಾಲುವೆಯಲ್ಲಿ, ಪೈಪಿನ ಮೇಲೆ, ಕಾಲು ಚಾಚಿ ಕುಳಿತಳು.

"ಏಳಬೇ!" ಎಂದ ದೊಡ್ಡಬಸಪ್ಪ. "ಈಗ ಆಕಿ ಜಾತಿ ಹೇಳಿದಾಕಿ ನೀನ ಅಲ್ಲೇನು?"

"ಹೌದು, ನಾನ ಹೇಳೀನಿ. ನನಗ ಆಕಿ ಮ್ಯಾಲ ಹೊಟ್ಟಿಕಿಚ್ಚು. ಅದನ್ನ ನಾವು ಅಕ್ಕತಂಗೇರು ನೋಡ್ಕೊಂತೀವಿ. ಮನಿ ನೀ ಮಾರೀದಿ, ಭಾಡ್ಯಾ. ಇದು ಈಗ ನಮ್ಮ ಕೇರಿ ಮನಿ. ಪೈಪಿಗೆ ಕೈ ಹಚ್ಚು ನೋಡೋಣ."

"ನಾಳಿಂದ ನಿಮಗಿಬ್ರಿಗೂ ಕೆಲಸಿಲ್ಲ!"

"ಬ್ಯಾಡ."

ಪಂಪಣ್ಣ ಹಾರಿಯನ್ನು ಬೀಸಲೂ ಇಲ್ಲ, ಕೆಳಗಿಡಲೂ ಇಲ್ಲ. ಮಂದಿ ದೂರ ಸರಿದು ನಿಂತರು. ದೊಡ್ಡಬಸಪ್ಪ ಫೋನ್ ಮಾಡಿ ಯಾರನ್ನೋ ಬರಹೇಳುತ್ತಿದ್ದ.

ಮಮತಾ ಕೆಳಗಿಳಿದು ಬರಲಿಲ್ಲ. ಬಾಗಿಲು ಹಾಕಿಕೊಂಡು ಒಳಗಿಂದ ಚಿಲಕ ಜಡಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ನಲ್ಲಿ ತಿರುವಿದ್ದು ಕೇಳಿಸಿತು. ಒಂದೊಂದೇ ಕೊಡ ತುಂಬತೊಡಗಿತು. ತೊಡೆಯ ಕೆಳಗೆ ಪೈಪು ತಣ್ಣಗಾಗಿ ಅದುರುತ್ತಿತ್ತು. ಆ ಸದ್ದು ಕೇಳುತ್ತ ಹೊನ್ನೂರಮ್ಮನ ಹೊಟ್ಟೆ ಮತ್ತೆ ಉರಿಯಿತು. ಅವಳು ಏಳಲಿಲ್ಲ.