ನಲ್ಲಿಯಣ್ಣ ತನಗೆ ತಾನೇ ಕಟ್ಟಿಕೊಂಡ ಕಂತು

ಎದುರು ಮನೆಯ ನಲ್ಲಿಯಣ್ಣ ಆ ದಿನ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನನ್ನ ಹೊಲಿಗೆ ಯಂತ್ರ ಇರುವುದು ಬಾಗಿಲ ಪಕ್ಕದಲ್ಲೇ. ಹಾಗಾಗಿ ಬೀದಿಯಲ್ಲಿ ಏನು ನಡೆದರೂ ನನ್ನ ಕಣ್ಣು ತಪ್ಪುವುದಿಲ್ಲ. ಅವನು ಆ ತುದಿಯಿಂದ ಈ ತುದಿಗೆ ಹೋಗುತ್ತಾನೆ, ಫೋನ್ ನೋಡುತ್ತಾನೆ, ಮತ್ತೆ ತಿರುಗುತ್ತಾನೆ. ನೋಡಿ ನೋಡಿ ನನಗೇ ತಲೆ ಸುತ್ತು ಬಂತು.

"ಏನಪ್ಪಾ, ಬೀದಿ ಅಳತೆ ಮಾಡೋ ಕೆಲಸ ಸಿಕ್ತಾ?" ಅಂದೆ.

"ಸುಮ್ನಿರಕ್ಕಾ. ನನ್ನ ಕಷ್ಟ ನನಗೆ" ಅಂತ ಮೆಟ್ಟಿಲ ಮೇಲೆ ಕೂತ. ಎರಡು ನಿಮಿಷ ಆಗಿಲ್ಲ, ಮತ್ತೆ ಎದ್ದ.

ಅವನು ಕೊಳಾಯಿ ರಿಪೇರಿಯವನು. ಕೆಲಸದಲ್ಲಿ ಚೊಕ್ಕ. ದೊಡ್ಡ ರಸ್ತೆಯಾಚೆ ನಲವತ್ತು ಮನೆಗಳ ಒಂದು ಕಟ್ಟಡವಿದೆ. ಅಲ್ಲಿನ ನಲ್ಲಿ, ಟ್ಯಾಂಕು, ಪೈಪು ಎಲ್ಲ ಇವನ ಕೈಯಲ್ಲಿ. ಮನೆಯ ಅರ್ಧ ಖರ್ಚು ನಡೆಯುವುದು ಆ ಕಟ್ಟಡದ ಕೆಲಸದಿಂದ. ಹಿಂದಿನ ದಿನ ಮಧ್ಯಾಹ್ನ ಅಲ್ಲಿ ಮೂರನೇ ಮಹಡಿಯಲ್ಲಿ ಪೈಪ್ ಒಡೆದು ಫೋನ್ ಬಂತು. ಇವನು ಬಸ್ಸಿಗೆ ಕಾದ, ಬಸ್ಸು ಬರಲಿಲ್ಲ. ಆಟೋ ಹಿಡಿದ, ಅದು ಗಾಡಿಗಳ ಮಧ್ಯೆ ಸಿಕ್ಕಿಕೊಂಡಿತು. ಒಂದೂಕಾಲು ಗಂಟೆ ಬಿಟ್ಟು ಬೆವರು ಸುರಿಸುತ್ತ ಹೋದರೆ, ಬೈಕಿನಲ್ಲಿ ಬಂದ ಬೇರೆಯವನು ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದನಂತೆ.

"ಮ್ಯಾನೇಜರ್ ಏನಂದ್ರು ಗೊತ್ತಾ? ಇನ್ಮೇಲೆ ಅರ್ಧ ಗಂಟೆ ಒಳಗೆ ಬರೋರಿಗಷ್ಟೇ ಕೆಲಸ ಅಂತ. ಈ ಕಟ್ಟಡ ಕೈ ಬಿಟ್ರೆ ನಾನು ಎಲ್ಲಿಗೆ ಹೋಗಲಿ?"

ಅದಕ್ಕೇ ಅದೇ ಸಂಜೆ ಹಳೆಯ ಬೈಕುಗಳ ಅಂಗಡಿಗೆ ಹೋಗಿ ಒಂದನ್ನು ನೋಡಿ ಬಂದಿದ್ದ. ಕಪ್ಪು ಬಣ್ಣದ್ದು. ನಲವತ್ತು ಸಾವಿರ. ಕೂಡಿಟ್ಟಿದ್ದ ಹತ್ತು ಸಾವಿರ ಈಗ ಕೊಟ್ಟರೆ ಮಿಕ್ಕಿದ್ದು ಕಂತು. ಅಂಗಡಿಯವನು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದ: ಇನ್ನೊಬ್ಬ ಗಿರಾಕಿ ಬರ್ತಿದ್ದಾನೆ, ಸಂಜೆಯೊಳಗೆ ಹೇಳಿ.

ನನಗೆ ಬಾಯಿ ಸ್ವಲ್ಪ ಜಾಸ್ತಿ. ಕೇಳದಿದ್ದರೂ ಹೇಳುವ ಚಾಳಿ. "ತಗೊಂಡ್ಬಿಡು ಮತ್ತೆ! ತಿಂಗಳಿಗೆ ಸಾವಿರದ ಎಂಟುನೂರು ತಾನೇ? ದುಡಿಯೋ ಕೈಗೆ ಅದೇನು ಮಹಾ?" ಎಂದುಬಿಟ್ಟೆ. ಅವನ ಮುಖ ಅರಳಿತು.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ನಮ್ಮ ಉಳಿತಾಯ ಸಂಘದ ಸದಸ್ಯೆ. ಅವಳ ಹಿಂದೆಯೇ ಪುಸ್ತಕದಕ್ಕ. ಸಂಘದ ಲೆಕ್ಕದ ಪುಸ್ತಕವನ್ನು ಕಂಕುಳಿನಿಂದ ಇಳಿಸದ ಹೆಂಗಸು, ಅದಕ್ಕೇ ಆ ಹೆಸರು. ಆಕೆಯನ್ನು ಕಂಡ ಕೂಡಲೇ ನಲ್ಲಿಯಣ್ಣನ ಮುಖ ಸಣ್ಣದಾಯಿತು.

"ಇವರನ್ನ ಯಾಕೆ ಕರ್ಕೊಂಡ್ಬಂದೆ?" ಅಂದ ಹೆಂಡತಿಗೆ.

"ರೀ, ಸಹಿ ಹಾಕೋರು ನೀವು. ಕಟ್ಟೋರು ಇಬ್ರೂ. ಒಂದು ಮಾತು ಕೇಳಿದ್ರೆ ಗಂಟೇನು ಹೋಗಲ್ಲ" ಅಂದಳು. ರಾತ್ರಿಯಿಡೀ ನಿದ್ದೆ ಇಲ್ಲದ ಕಣ್ಣು.

ಪುಸ್ತಕದಕ್ಕ ನನ್ನ ಸೀಮೆಸುಣ್ಣ ತೆಗೆದುಕೊಂಡು, ಬಟ್ಟೆ ಕತ್ತರಿಸುವ ನನ್ನ ಮೇಜಿನ ಮೇಲೇ ಬರೆಯತೊಡಗಿದರು.

"ಎಷ್ಟು ತಿಂಗಳಪ್ಪಾ ಕಂತು?"

"ಇಪ್ಪತ್ನಾಲ್ಕು."

"ಸಾವಿರದ ಎಂಟುನೂರು, ಇಪ್ಪತ್ನಾಲ್ಕು ಸಲ. ನಲವತ್ಮೂರು ಸಾವಿರದ ಇನ್ನೂರು. ಮೊದಲೇ ಕೊಡೋ ಹತ್ತು ಸೇರಿಸು. ಐವತ್ಮೂರು ಸಾವಿರದ ಇನ್ನೂರು ಆಯ್ತಲ್ಲ! ಬೈಕಿಗೆ ನಲವತ್ತು ಅಂದ್ಯಲ್ಲ?"

"ಬಡ್ಡಿ ಇರಲ್ವಾ ಅಕ್ಕಾವ್ರೇ? ಯಾರು ಪುಕ್ಕಟೆ ಕೊಡ್ತಾರೆ?"

"ಇರಲಿ, ಬೇಡ ಅನ್ನಲ್ಲ. ಆದ್ರೆ ಹೇಗೆ ಹಾಕಿದ್ದಾರೆ ನೋಡು. ನೀನು ಒಂದು ವರ್ಷ ಕಟ್ಟಿ ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ ಮೂವತ್ತು ಸಾವಿರಕ್ಕೇ ಬಡ್ಡಿ. ತೀರಿಸಿದ ದುಡ್ಡಿಗೂ ಬಡ್ಡಿ! ನಮ್ಮ ಸಂಘದಲ್ಲಿ ಉಳಿದ ಅಸಲಿಗೆ ಮಾತ್ರ. ಇದನ್ನ ಅವರು ಹೇಳಿದ್ರಾ?"

ಅವನು ತಲೆ ಕೆರೆದುಕೊಂಡ. ಹೇಳಿರಲಿಲ್ಲ. ಇವನು ಕೇಳಿರಲೂ ಇಲ್ಲ.

"ಗಾಡಿ ಕಾಗದ ನೋಡಿದ್ಯಾ? ಹಳೇ ಮಾಲೀಕನ ಸಾಲ ತೀರಿದ್ಯಾ? ವಿಮೆ ಇದ್ಯಾ? ಮೆಕ್ಯಾನಿಕ್ಕಿಗೆ ತೋರಿಸಿದ್ಯಾ?"

"ಹಾರನ್ ಹೊಡೆದು ನೋಡ್ದೆ" ಅಂದ.

ನಾನು ನಕ್ಕೆ. ಅವನ ಹೆಂಡತಿ ನಗಲಿಲ್ಲ. ಅವಳು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ರೀ, ಒಂದು ಮಾತು ಹೇಳಿ. ಗೋಡೆ ಒಳಗೆ ಪೈಪ್ ಹಾಕಿದ ಮೇಲೆ ನೀವೇನು ಮಾಡ್ತೀರಿ?"

ಅದು ಈ ಬೀದಿಗೆಲ್ಲ ಗೊತ್ತಿರುವ ವಿಷಯ. ಪೈಪ್ ಜೋಡಿಸಿದ ಮೇಲೆ ಅವನು ನೀರು ತುಂಬಿಸಿ ತುದಿ ಮುಚ್ಚುತ್ತಾನೆ. ಒಂದೊಂದು ಜೋಡಣೆಗೂ ಒಣ ಕಾಗದ ಸುತ್ತಿ ದಾರ ಕಟ್ಟುತ್ತಾನೆ. ಪೂರ್ತಿ ಒಂದು ದಿನ ಬಿಡುತ್ತಾನೆ. ಮರುದಿನ ಕಾಗದ ಒದ್ದೆಯಾಗಿದ್ದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಗಾರೆಯವರು ಬಯ್ಯುತ್ತಾರೆ, ಮನೆಯವರು ಅವಸರ ಮಾಡುತ್ತಾರೆ. ಇವನು ಜಗ್ಗುವುದಿಲ್ಲ. ಒಂದು ದಿನ ಆಗದೆ ಗೋಡೆ ಮುಚ್ಚಲು ಬಿಟ್ಟವನೇ ಅಲ್ಲ.

"ಊರ ಮನೆಗೆಲ್ಲ ಕಾಗದ ಸುತ್ತಿ ನೋಡ್ತೀರಿ. ನಮ್ಮ ಮನೆಗೆ ಮಾತ್ರ ಹಾಗೇ ಗಾರೆ ಬಳಿದುಬಿಡ್ತೀರಾ? ಮೂರು ತಿಂಗಳು ಪರೀಕ್ಷೆ ಮಾಡಿ. ಸಾಲ ತಗೊಂಡಿದ್ದೀವಿ ಅಂದ್ಕೊಳ್ಳಿ. ಪ್ರತಿ ತಿಂಗಳು ಐದನೇ ತಾರೀಖು ಸಾವಿರದ ಎಂಟುನೂರು ಬಿಸ್ಕತ್ತಿನ ಡಬ್ಬಿಗೆ ಹಾಕೋಣ. ಮೂರು ತಿಂಗಳು ಎಲ್ಲೂ ಸೋರದೆ ನಡೆದ್ರೆ ನಾನೇ ಬಂದು ಪಕ್ಕದಲ್ಲಿ ಸಹಿ ಹಾಕ್ತೀನಿ."

"ಮೂರು ತಿಂಗಳು! ಅಷ್ಟರಲ್ಲಿ ಕಟ್ಟಡ ಹೋಗಿರುತ್ತೆ ಕಣೇ! ನಿನಗೆ ಅರ್ಥ ಆಗಲ್ಲ!" ಅಂತ ಅವನು ಕೂಗಿದ. ಕೋಪಕ್ಕಿಂತ ಹೆಚ್ಚಾಗಿ ಅದು ಭಯ. ಪಾಪ ಅನ್ನಿಸಿತು.

ನನ್ನ ಮನೆಯ ಹಿಂಭಾಗದಲ್ಲಿ ಒಂದು ಲೇಡೀಸ್ ಸೈಕಲ್ ಧೂಳು ತಿನ್ನುತ್ತ ನಿಂತಿತ್ತು. ಗುಲಾಬಿ ಬಣ್ಣ, ಮುಂದೆ ಬುಟ್ಟಿ. "ಅದನ್ನ ತಗೊಂಡು ಹೋಗು. ಒಳದಾರಿ ಹಿಡಿದ್ರೆ ಅರ್ಧ ಗಂಟೆ ಬೇಕಾಗಿಲ್ಲ" ಅಂದೆ.

ಅವನು ನನ್ನನ್ನು ಒಂದು ಥರಾ ನೋಡಿದ. "ಅಕ್ಕಾ, ನನ್ನ ಮರ್ಯಾದೆ?"

"ಮರ್ಯಾದೆಗೆ ಕಂತು ಕಟ್ಟಬೇಕು ಮಾರಾಯ. ಸೈಕಲ್ಲಿಗೆ ಗಾಳಿ ಹೊಡೆದ್ರೆ ಸಾಕು."

ಅಂಗಡಿಯವನ ಫೋನ್ ನಾಲ್ಕನೇ ಸಲ ಬಂತು. ನಲ್ಲಿಯಣ್ಣ ಅದನ್ನೇ ದಿಟ್ಟಿಸಿದ. ಎತ್ತಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಕಪ್ಪು ಬೈಕು ಅವತ್ತೇ ಮಾರಾಟವಾಯಿತೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಗುಲಾಬಿ ಸೈಕಲ್ಲಿನ ಬುಟ್ಟಿಯಲ್ಲಿ ನಲ್ಲಿ ಬಿಚ್ಚುವ ಪಾನಾ, ಕ್ಯಾರಿಯರ್ ಮೇಲೆ ಪೈಪು, ಮೇಲೆ ನಲ್ಲಿಯಣ್ಣ. ಬೀದಿಯವರು ಬಿಟ್ಟಾರೆಯೇ? "ಏನಣ್ಣಾ, ಕಾಲೇಜಿಗಾ?" ಅಂತ ಕೆಣಕಿದರು. ಅವನು ಹಲ್ಲು ಕಚ್ಚಿಕೊಂಡು ತುಳಿದ. ಮೊದಲ ದಿನವೇ ಇಪ್ಪತ್ತಾರು ನಿಮಿಷಕ್ಕೆ ಕಟ್ಟಡ ಮುಟ್ಟಿದ. ಮ್ಯಾನೇಜರು ಗಡಿಯಾರ ನೋಡಿ ಕೆಲಸ ತೋರಿಸಿದರಂತೆ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಊರಾಚೆ ಆರು ಮನೆಗಳ ಚಿಕ್ಕ ಕಟ್ಟಡವೊಂದು ಇತ್ತು, ಸೈಕಲ್ಲಿಗೆ ದೂರ. ಅದು ಆ ತಿಂಗಳೇ ಕೈತಪ್ಪಿತು. ಅವತ್ತು ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ನನ್ನ ಜೊತೆಗೂ.

ಮೊದಲ ತಿಂಗಳು ಡಬ್ಬಿಗೆ ದುಡ್ಡು ಬಿತ್ತು. ಎರಡನೇ ತಿಂಗಳು ನಾಲ್ಕನೇ ತಾರೀಖು ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾ, ಮುನ್ನೂರು ಕಡಿಮೆ ಇದೆ. ಕೊಡು. ಅವಳಿಗೆ ಹೇಳ್ಬೇಡ." ನಾನು ಕೊಟ್ಟೆ. ಮರುದಿನ ಡಬ್ಬಿ ತುಂಬಿತು, ಅವನು ಮೀಸೆ ತಿರುವಿದ.

ಆದರೆ ನನ್ನ ಬಾಯಿಯಲ್ಲಿ ಮಾತು ನಿಲ್ಲುತ್ತದೆಯೇ? ಸಂಘದಲ್ಲಿ ಪುಸ್ತಕದಕ್ಕನಿಗೆ ಹೇಳಿಬಿಟ್ಟೆ. ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಒದ್ದೆ ಕಾಗದ ಕಿತ್ತು ಒಣ ಕಾಗದ ಸುತ್ತಿ ಕೊಟ್ಟಿದ್ದೀಯಲ್ಲ! ಅದು ಸಹಾಯಾನಾ?" ನನಗೆ ನಾಚಿಕೆಯಾಯಿತು. ಅವನು ಆ ಮುನ್ನೂರನ್ನು ವಾರದಲ್ಲಿ ತೀರಿಸಿದ. ಹೆಂಡತಿಗೂ ತಾನೇ ಹೇಳಿದ. ಆದರೂ ಬೈಕಿನ ಆಸೆ ಬಿಟ್ಟಿರಲಿಲ್ಲ. "ಇನ್ನೊಂದೇ ತಿಂಗಳು. ಆಮೇಲೆ ಯಾರೂ ನನ್ನ ತಡೀಬಾರ್ದು" ಅನ್ನುತ್ತಿದ್ದ.

ಅದೇ ಎರಡನೇ ತಿಂಗಳ ಕೊನೆಯ ವಾರ. ಕಟ್ಟಡದಲ್ಲಿ ಹಳೆಯ ಕೈ ತೊಳೆಯುವ ಬೇಸಿನ್ ಬಿಚ್ಚುವಾಗ ಅದು ಒಡೆದು ಅವನ ಅಂಗೈ ಸೀಳಿತು. ಐದು ಹೊಲಿಗೆ. "ಹದಿನೈದು ದಿನ ಕೈಗೆ ನೀರು ತಾಗಿಸಬೇಡಿ" ಅಂದರು ಡಾಕ್ಟರು. ಕೊಳಾಯಿ ರಿಪೇರಿಯವನಿಗೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ನಿಂತಿತು. ಔಷಧಿಗೆ, ಅಕ್ಕಿಗೆ, ಮಗಳ ಶಾಲೆಗೆ ಅಂತ ಡಬ್ಬಿಯಿಂದ ಎರಡು ಸಾವಿರ ತೆಗೆಯಬೇಕಾಯಿತು. ಕಟ್ಟಡದ ಮ್ಯಾನೇಜರು ಮಾತ್ರ ಒಳ್ಳೆಯ ಮಾತಾಡಿದರು: ನಮ್ಮ ಕೆಲಸದಲ್ಲೇ ಆದ ಗಾಯ, ವಾಸಿಯಾಗಲಿ, ನಿನ್ನ ಜಾಗ ಹೋಗಲ್ಲ.

ಮೂರನೇ ಕಂತಿನ ಐದನೇ ತಾರೀಖು ಬಂತು.

ಅವನು ಕಟ್ಟು ಹಾಕಿದ ಕೈ ಎದೆಗೆ ಒತ್ತಿಕೊಂಡು ನನ್ನ ಮೆಟ್ಟಿಲ ಮೇಲೆ ಕೂತಿದ್ದ. ಬೀದಿಯಲ್ಲಿ ಒಂದು ಬೈಕಿನ ಸದ್ದು ಕೇಳಿದರೂ ತಲೆ ಎತ್ತುತ್ತಿದ್ದ. ಹೆಂಡತಿ ಲಾಂಡ್ರಿಗೆ ರಜೆ ಹಾಕಿ ನನ್ನ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಇವತ್ತು ಐದಲ್ವಾ?"

"ಹೂಂ."

"ಅವತ್ತು ಸಹಿ ಹಾಕಿದ್ರೆ, ಇವತ್ತು ಯಾರಾದ್ರೂ ಬಂದಿರೋರು. ಮೊದ್ಲು ಫೋನ್ ಮಾಡೋರು. ಆಮೇಲೆ ಅಲ್ಲಿ, ನಮ್ಮ ಬಾಗಿಲಲ್ಲಿ ನಿಂತಿರೋರು. ಬೀದಿಯವರೆಲ್ಲ ನೋಡೋರು." ಅವನು ಎದುರಿನ ತನ್ನ ಮನೆಯ ಕಡೆ ನೋಡಿದ. "ಗಾಡಿ ಎತ್ಕೊಂಡು ಹೋಗಿದ್ರೆ ಕೊಟ್ಟ ಹತ್ತು ಸಾವಿರಾನೂ ಹೋಗಿರೋದು."

"ಡಬ್ಬಿ ಬಾಗಿಲಿಗೆ ಬಂದು ಬೈಯಲ್ಲ ರೀ" ಅಂದಳು ಹೆಂಡತಿ ಮೆಲ್ಲಗೆ.

ಅವನು ಅವಳ ಕಡೆ ತಿರುಗಿದ. "ಕಾಗದ ಒದ್ದೆ ಆಯ್ತು ಕಣೇ. ಗೋಡೆ ಮುಚ್ಚೋ ಮುಂಚೆ ಆಯ್ತಲ್ಲ, ಬದುಕಿಕೊಂಡ್ವಿ." ಅಷ್ಟು ಹೇಳಿ ಅತ್ತುಬಿಟ್ಟ. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಕೈ ವಾಸಿಯಾದ ಮೇಲೆ ಆ ಡಬ್ಬಿಯ ದುಡ್ಡನ್ನು ಸಂಘದ ಖಾತೆಗೆ ಹಾಕಿದರು. ಹತ್ತು ತಿಂಗಳಲ್ಲಿ ಎಂಟು ತಿಂಗಳು ಪೂರ್ತಿ ಹಾಕಲು ಆಯಿತು, ಎರಡು ತಿಂಗಳು ಆಗಲಿಲ್ಲ. ಆಗದ ತಿಂಗಳಿಗೆ ಯಾರೂ ದಂಡ ಹಾಕಲಿಲ್ಲ. ಮೊದಲಿದ್ದ ಹತ್ತು ಸಾವಿರವೂ ಸೇರಿ ಇಪ್ಪತ್ತಾರು ಸಾವಿರವಾಯಿತು. ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಕಾಗದಗಳನ್ನೆಲ್ಲ ಪುಸ್ತಕದಕ್ಕನಿಗೆ ತೋರಿಸಿ, ಮೂವತ್ತು ಸಾವಿರದ ಒಂದು ಬೈಕು ಕೊಂಡ. ಕಡಿಮೆ ಬಿದ್ದ ನಾಲ್ಕು ಸಾವಿರಕ್ಕೆ ಹೆಂಡತಿಯ ಹೆಸರಲ್ಲಿ ಸಂಘದಲ್ಲಿ ಸಾಲ ತೆಗೆದ. ಹೌದು, ಸಾಲವೇ. ಆದರೆ ಕೈ ಕೊಯ್ದುಕೊಂಡರೂ ಕಟ್ಟಬಲ್ಲಷ್ಟು ಸಾಲ. ಊರಾಚೆಯ ಆರು ಮನೆಗಳ ಕಟ್ಟಡ ಇನ್ನೂ ವಾಪಸ್ ಬಂದಿಲ್ಲ. ದಿನಾ ಆ ದಾರಿಯಲ್ಲೇ ಹೋಗಿ ಬರುತ್ತಾನೆ, ಕೇಳುವುದನ್ನು ಬಿಟ್ಟಿಲ್ಲ.

ಈಗ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನನ್ನ ಮಾತು. ನಿಮ್ಮ ಕಣ್ಣಿಗೂ ಯಾವುದೋ ಒಂದು ಬೈಕು ಬಿದ್ದಿರಬಹುದು. ಅಂಗಡಿಯವನು ಸಂಜೆಯೊಳಗೆ ಹೇಳಿ ಅನ್ನುತ್ತಿರಬಹುದು. ಅನ್ನಲಿ ಬಿಡಿ. ಕಂತು ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ, ಎಲ್ಲ ಸೇರಿ ಒಟ್ಟು ಎಷ್ಟು ಅಂತ ಕೇಳಿ. ಬಡ್ಡಿ ಪೂರ್ತಿ ಮೊತ್ತಕ್ಕೋ ಉಳಿದ ಅಸಲಿಗೋ ಅಂತ ಕೇಳಿ. ಗಾಡಿಯ ಕಾಗದ ನೋಡಿ, ತಿಳಿದವರಿಗೆ ತೋರಿಸಿ. ಹಾರನ್ ಒಂದನ್ನೇ ಹೊಡೆದು ಬರಬೇಡಿ! ಮತ್ತೆ, ಸಹಿ ಹಾಕುವ ಮುಂಚೆ ಮೂರು ತಿಂಗಳು ಆ ಕಂತನ್ನು ನಿಮಗೆ ನೀವೇ ಕಟ್ಟಿ. ಯಾರ ಹತ್ತಿರವೂ ಮುನ್ನೂರು ಕೇಳಬೇಡಿ, ನನ್ನಂಥವರು ಕೊಟ್ಟುಬಿಡುತ್ತಾರೆ.

ಮೂರು ತಿಂಗಳು ಕಾಯುವುದು ಕಷ್ಟ. ನಿದ್ದೆ ಬರುವುದಿಲ್ಲ, ಜಗಳ ಆಗುತ್ತದೆ, ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿಯವರೆಗೆ ಓಡಾಡಲು ಏನೂ ಇಲ್ಲದಿದ್ದರೆ ನಮ್ಮ ಬೀದಿಗೆ ಬನ್ನಿ. ಗುಲಾಬಿ ಸೈಕಲ್ಲಿಗೆ ಗಾಳಿ ಹೊಡೆಸಿ ಇಟ್ಟಿದ್ದೇನೆ.